ಯಜಮಾನರ ಗ್ಲಾಸಿನಲ್ಲಿ ಮೂರು ಹರಳು

"ಅಕ್ಕಾ, ಇದು ಈ ಮನೆಯೊಳಗೆ ಹೇಗೆ ಬಂತು?"

ಇನ್ಸ್‌ಪೆಕ್ಟರಮ್ಮನ ಚಿಮುಟದ ತುದಿಯಲ್ಲಿದ್ದ ಚೂರು ಉಗುರಿನಷ್ಟೂ ಇರಲಿಲ್ಲ. ಮಾಸಲು ಹಸಿರು, ಪದರ ಪದರ. ಆರ್ಟಿಚೋಕ್ ಅಂತ ಒಂದು ತರಕಾರಿ ಇದೆಯಲ್ಲ, ದಪ್ಪ ಮುಳ್ಳುಮೊಗ್ಗಿನಂಥದ್ದು, ಅದರ ತಿರುಳು. ಯಜಮಾನರು ನಿನ್ನೆ ಅರ್ಧಕ್ಕೆ ಬಿಟ್ಟ ತಟ್ಟೆಯಲ್ಲಿ, ಮೀನಿನ ತುಂಡಿನ ಅಡಿಯಲ್ಲಿ ಅಡಗಿ ಕುಳಿತಿತ್ತು.

ಅಕ್ಕ ಅದನ್ನು ನೋಡಿದ್ದೇ ತಡ, ಹಾಲಿನ ಪಾತ್ರೆಯಲ್ಲಿ ಹಲ್ಲಿ ಕಂಡವಳ ಹಾಗೆ ಹಿಂದೆ ಸರಿದಳು.

"ನನ್ನ ಅಡುಗೆಮನೆಗಾ? ಸಾಧ್ಯವೇ ಇಲ್ಲ ಕಣೇ ಪುಟ್ಟಿ. ಬೇಕಾದ್ರೆ ಆ ಗೋಡೆ ನೋಡು."

ಗೋಡೆಯ ಮೇಲೆ ಯಜಮಾನರ ಕೈಬರಹದ ಹಳೆಯ ಹಾಳೆಯೊಂದನ್ನು ಅಂಟಿಸಲಾಗಿತ್ತು. ಅವರ ದ್ರಾಕ್ಷಿತೋಟದ ಬಿಳಿ ವೈನಿನ ಜೊತೆ ಬಡಿಸಬಹುದಾದದ್ದು ಎಡಕ್ಕೆ: ಚಿಪ್ಪುಮೀನು, ನಿಂಬೆ ಹಿಂಡಿದ ಸುಟ್ಟ ಮೀನು, ಮೇಕೆ ಹಾಲಿನ ಚೀಸ್, ಬೆಣ್ಣೆಯಲ್ಲಿ ಬೇಯಿಸಿದ ಕೋಳಿ. ಬಡಿಸಲೇಬಾರದ್ದು ಬಲಕ್ಕೆ: ವಿನಿಗರ್, ಮೆಣಸಿನಕಾಯಿ, ಚಾಕೊಲೇಟ್. ಕೊನೆಯಲ್ಲಿ, ಎರಡು ಗೆರೆ ಎಳೆದು, ಆರ್ಟಿಚೋಕ್.

"ಅದನ್ನ ತಿಂದ್ರೆ ಆಮೇಲೆ ನೀರು ಕುಡಿದ್ರೂ ಸಿಹಿ ಅನ್ಸುತ್ತೆ," ಅಂದಳು ಅಕ್ಕ. "ನಾಲಿಗೆ ಸುಳ್ಳು ಹೇಳೋಕೆ ಶುರು ಮಾಡುತ್ತೆ ಅಂತಿದ್ರು ಯಜಮಾನರು. ಈ ಮನೆ ಅಡುಗೆಗೆ ಸೇರಿದ ಮೂರು ವರ್ಷದಲ್ಲಿ ಒಂದು ದಿನ ನಾನು ಅದನ್ನ ಕೈಯಿಂದ ಮುಟ್ಟಿಲ್ಲ."

ಇನ್ಸ್‌ಪೆಕ್ಟರಮ್ಮನಿಗೆ ನಿನ್ನೆಯಿಂದ ಬಿಡಿಸಲಾಗದಿದ್ದ ಗಂಟು ಸಡಿಲವಾಯಿತು. ಆರು ಮಂದಿ ವ್ಯಾಪಾರಿಗಳ ಎದುರು, ಊಟದ ಮೇಜಿನ ಮೇಲೆಯೇ ಕುಸಿದುಬಿದ್ದ ಯಜಮಾನರ ರಕ್ತದಲ್ಲಿ, ಅವರೇ ದಿನಾ ನುಂಗುವ ಹೃದಯದ ಮಾತ್ರೆ ಇರಬೇಕಾದ್ದಕ್ಕಿಂತ ಐದು ಪಾಲು ಹೆಚ್ಚಿತ್ತು. ಇನ್ನೂ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಆ ಮಾತ್ರೆ ಕಹಿ ಅಂದರೆ ಕಹಿ. ಒಂದು ಗುಟುಕಿನಲ್ಲಿ ದ್ರಾಕ್ಷಿ ಯಾವ ಗುಡ್ಡದ್ದು, ಯಾವ ಮಗ್ಗುಲಿನದ್ದು ಎಂದು ಹೇಳಬಲ್ಲ ಮನುಷ್ಯನಿಗೆ ಅಷ್ಟು ಕಹಿ ತಿಳಿಯದೆ ಹೋದದ್ದು ಹೇಗೆ?

ಹೀಗೆ. ಬಾಯಿಗೆ ಅಂಥದೇ ಒಂದು ಚೂರು ಸಿಕ್ಕಿತು. 'ಥೂ, ಇದೇನಿದು' ಎಂದು ಮುಖ ಸಿಂಡರಿಸಿದ್ದನ್ನು ಮೂವರು ವ್ಯಾಪಾರಿಗಳು ನೋಡಿದ್ದಾರೆ. ಬಾಯಿ ಶುಚಿ ಮಾಡಿಕೊಳ್ಳಲು ಗ್ಲಾಸೆತ್ತಿ, ಎಂದೂ ಹಾಗೆ ಕುಡಿಯದವರು, ಗಟಗಟ ಮುಗಿಸಿದರು. ಸುಳ್ಳು ಹೇಳುವ ನಾಲಿಗೆಗೆ ಕಹಿ ತಿಳಿಯಲಿಲ್ಲ.

"ತಟ್ಟೆ ನೀನೇ ಜೋಡಿಸಿದ್ದಾ?"

"ನಾನೇ. ಜೋಡಿಸಿ ಆ ಕಟ್ಟೆ ಮೇಲಿಟ್ಟೆ." ಅಡುಗೆಮನೆಗೂ ಊಟದ ಕೋಣೆಗೂ ನಡುವೆ, ಕಿಟಕಿಯ ಅಗಲಕ್ಕೆ ಒಂದು ಕಲ್ಲಿನ ಕಟ್ಟೆ. "ಹತ್ತು ನಿಮಿಷ ಅಲ್ಲೇ ಇತ್ತು. ಅತ್ತ ಕಡೆಯಿಂದ ಯಾರು ಬೇಕಾದ್ರೂ ಕೈ ಹಾಕಬಹುದಿತ್ತು."

ಇತ್ತ ಕಡೆಯಿಂದ ಅಕ್ಕನೂ ಹಾಕಬಹುದಿತ್ತು. ಹೇಳಿ ಕೇಳಿ ಪೊಲೀಸಿನವಳು, ಆ ಯೋಚನೆ ಕರೆಯದೆ ಬಂತು. ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ಅಮ್ಮ ತೀರಿಕೊಂಡಾಗ ಇವಳಿಗೆ ಒಂಬತ್ತು ವರ್ಷ. ಜಡೆ ಹಾಕಿ, ತುತ್ತಿಟ್ಟು, ಪೊಲೀಸ್ ಪರೀಕ್ಷೆಗೆ ಹಠ ಹಿಡಿದು ಕೂರಿಸಿದವಳು ಈ ಅಕ್ಕ.

ಗಡಿಯಾರದಲ್ಲಿ ಹನ್ನೆರಡೂವರೆ. ಮೂರಕ್ಕೆ ಅವಳ ಮೇಲಧಿಕಾರಿ ಸಾಹೇಬರು ಜೀಪಿನಲ್ಲಿ ಬಂದು ಅಕ್ಕನನ್ನು ಕರೆದೊಯ್ಯುವವರಿದ್ದರು. ಸ್ವಂತ ಅಕ್ಕನ ಮೇಲಿನ ಕೇಸಿನ ಕಡತ ತಂಗಿಯ ಕೈಗೆ ಬರುವಂತಿಲ್ಲ. 'ರಜೆ ಹಾಕಿ ಮನೆಯವಳಾಗಿ ಹೋಗಿ. ಮೂರರವರೆಗೆ ನಾನು ಕಣ್ಣು ಮುಚ್ಚಿಕೊಂಡಿರ್ತೀನಿ' ಅಂದಿದ್ದರು ಸಾಹೇಬರು. ಅದೇ ದೊಡ್ಡ ಉಪಕಾರ.

ಸಾಹೇಬರ ವಾದ ಒಂದೇ ಸಾಲಿನದ್ದು. ಎಲ್ಲರ ಗ್ಲಾಸೂ ಕುಡಿದು ಬಿಟ್ಟ ಹಾಗೇ ಇತ್ತು, ಯಜಮಾನರದ್ದು ಮಾತ್ರ ತೊಳೆದಿತ್ತು. ಅವರನ್ನು ಕಾರಿಗೆ ಹೊತ್ತೊಯ್ಯುವ ಗಲಾಟೆಯಲ್ಲಿ ಗ್ಲಾಸು ತೊಳೆಯುವ ಬುದ್ಧಿ ಯಾರಿಗೆ ಬಂದೀತು? ಅಡುಗೆಮನೆಯವಳಿಗೆ.

"ನಾನು ತೊಳೆದಿದ್ರೆ ಬಿಸಿನೀರಲ್ಲಿ ತೊಳೀತಿದ್ದೆ," ಅಂದಳು ಅಕ್ಕ, ಹಬೆಯಾಡುವ ತೊಟ್ಟಿಯ ಕಡೆ ಕೈ ತೋರಿಸಿ. "ಸೋಪಿಲ್ಲ, ಪುಡಿಯಿಲ್ಲ, ಬರೀ ಬಿಸಿನೀರು. ಆಮೇಲೆ ನಾರಿನ ಬಟ್ಟೆಯಲ್ಲಿ ಒರೆಸಿ ಬೋರಲು ಹಾಕ್ತೀನಿ. ತಳದಲ್ಲಿ ವೈನು ಬಿಟ್ಟು ತೊಳೆಯೋದು ಯಾವ ಸೀಮೆ ತೊಳೆಯೋದು?"

ಮಾತು ಸರಿಯೇ. ಆ ಗ್ಲಾಸಿನ ತಳದಲ್ಲಿ ಎರಡು ಹನಿ ವೈನಿತ್ತು. ಜೊತೆಗೆ, ಸಕ್ಕರೆಯ ಕಣದಷ್ಟು ದೊಡ್ಡ ಮೂರು ಬಿಳಿ ಹರಳು. ಕರಗದೆ ಉಳಿದ ಮಾತ್ರೆಯ ಪುಡಿ ಎಂದು ಸಾಹೇಬರು ಕೈ ಉಜ್ಜಿಕೊಂಡಿದ್ದರು. ಪ್ರಯೋಗಾಲಯದವರು ಬೆಳಗ್ಗೆ ಫೋನು ಮಾಡಿ, 'ಅಲ್ಲ, ಅದು ದ್ರಾಕ್ಷಿಯದೇ ಹುಳಿ ಉಪ್ಪು, ಮಾತ್ರೆಯ ಸುಳಿವೇ ಇಲ್ಲ' ಎಂದು ಅವರ ಉತ್ಸಾಹಕ್ಕೆ ತಣ್ಣೀರೆರಚಿದ್ದರು.

"ವೈನಿಡೋ ನೆಲಮಾಳಿಗೆಗೆ ಹೋಗಿ ಕೇಳಿದ್ರೆ ಗೊತ್ತಾಗುತ್ತಾ?"

"ಕೇಳು. ನನಗೇನು ಗೊತ್ತು, ನಾನು ಅಲ್ಲಿಗೆ ಕಾಲಿಟ್ಟವಳೇ ಅಲ್ಲ," ಎಂದು ಅಕ್ಕ ಮೀನು ಕತ್ತರಿಸುವ ಚಾಕು ಒರೆಸತೊಡಗಿದಳು. ಅವಳ ಚಪ್ಪಲಿಯ ಅಂಚಿಗೆ ಬಿಳಿ ಹಿಟ್ಟು ಮೆತ್ತಿತ್ತು. ಅಡುಗೆಮನೆಯವಳ ಕಾಲಿಗೆ ಹಿಟ್ಟಲ್ಲದೆ ಇನ್ನೇನು ಮೆತ್ತೀತು.

ಅಷ್ಟರಲ್ಲಿ ಬಾಗಿಲಿಗಿಂತ ಮೊದಲು ಅತ್ತರಿನ ವಾಸನೆ ಒಳಗೆ ಬಂತು. ಹಿಂದೆಯೇ ಯಜಮಾನರ ಅಳಿಯ.

ಈ ಮನೆಯಲ್ಲಿ ವೈನಿನ ಹತ್ತಿರ ಸುಳಿಯುವ ಯಾರೂ ಅತ್ತರು ಹಚ್ಚುವುದಿಲ್ಲ, ಮೂಗಿಗೆ ಅಡ್ಡ. ಅಳಿಯದೇವರಿಗೆ ಆ ನಿಯಮವಿಲ್ಲ. ಅವರ ಕೆಲಸ ಬಾಟಲಿ ಮಾರುವುದು. ಒಂದು ಗ್ಲಾಸೆತ್ತಿಕೊಂಡು, ನಲ್ಲಿಯಡಿ ಎರಡು ಸಲ ತೊಳೆದು, ನೀರು ತುಂಬಿಸಿ ಕುಡಿದರು.

"ಇನ್ನೂ ಏನು ಹುಡುಕ್ತಿದ್ದೀರಿ? ಹೊರಗಿನವರ ಕೈಗೆ ಅಡುಗೆಮನೆ ಕೊಟ್ಟಿದ್ದೇ ನಮ್ಮ ಮಾವ ಮಾಡಿದ ತಪ್ಪು."

"ನಿನ್ನೆ ಊಟದ ಕೊನೆಯಲ್ಲಿ ನಿಮ್ಮ ಮಾವ ಏನೋ ಹೇಳೋರಿದ್ರಂತೆ?"

ಅಳಿಯ ಗ್ಲಾಸನ್ನು ಕುಕ್ಕಿದರು. "ನೆಲಮಾಳಿಗೆ ಕೀಲಿಕೈ ಯಾರಿಗೆ ಅಂತ ಹೇಳೋರಿದ್ರು. ಕೀಲಿ ಯಾರ ಸೊಂಟದಲ್ಲೋ, ಮುಂದೆ ತೋಟದ ವೈನು ಮಾಡೋರು ಅವರೇ. ನನಗೆ ಅಂತೂ ಅಲ್ಲ. ನಿನ್ನ ಮೂಗು ಸತ್ತಿದೆ ಅಂತ ಮದುವೆ ದಿನವೇ ಅಂದಿದ್ರು."

ಹೇಳುತ್ತ ಮುಖ ಗೋಡೆಯ ಕಡೆ ತಿರುಗಿಸಿದರು. ಅವಮಾನವೋ, ನಾಟಕವೋ. ಎರಡಕ್ಕೂ ಒಂದೇ ಮುಖ ಇರುವ ಜನರನ್ನು ಇನ್ಸ್‌ಪೆಕ್ಟರಮ್ಮ ಬೇಕಾದಷ್ಟು ನೋಡಿದ್ದಳು.

*

ನೆಲಮಾಳಿಗೆಗೆ ಇಪ್ಪತ್ತೆರಡು ಮೆಟ್ಟಿಲು. ಕೊನೆಯ ಮೆಟ್ಟಿಲ ಮೇಲೆ ಮೇಣದಬತ್ತಿ ಉರಿಯುತ್ತಿತ್ತು.

"ಅದು ಆರಿದ್ರೆ ಇಳೀಬೇಡಿ," ಎಂದಿತು ಕತ್ತಲೆಯಿಂದ ಒಂದು ದನಿ. "ರಸ ಹುಳಿಯೋ ಕಾಲ. ಕೆಟ್ಟ ಗಾಳಿ ನೆಲ ಹಿಡಿದು ಕೂತಿರುತ್ತೆ."

ಮಾಳಿಗೆ ತಾತ. ನಲವತ್ತು ವರ್ಷದಿಂದ ಇಲ್ಲಿನ ಪೀಪಾಯಿಗಳನ್ನು ನೋಡಿಕೊಳ್ಳುವವರು. ಸೊಂಟದಲ್ಲಿ ಕೀಲಿಗೊಂಚಲು. ಎರಡು ಸಾಲು ಪೀಪಾಯಿಗಳ ನಡುವೆ ಮುಕ್ಕಾಲಿಯ ಮೇಲೆ, ಯಾರನ್ನೂ ಲೆಕ್ಕಕ್ಕಿಟ್ಟವರಲ್ಲ ಎಂಬಂತೆ ಕುಳಿತಿದ್ದರು.

ಮನೆ ಕಾವಲಿಗಿದ್ದು ಈಗ ಹಿಂದೆಯೇ ಇಳಿದು ಬಂದ ಮೀಸೆ ಕಾನ್‌ಸ್ಟೇಬಲ್ ತನ್ನ ಬೂಟು ನೋಡಿಕೊಂಡು, "ಮೇಡಂ, ಹಿಟ್ಟಿನ ಗಿರಣಿ ಹೊಕ್ಕು ಬಂದ ಹಾಗಾಯ್ತು," ಎಂದು ಗೊಣಗಿದ. ಮೆಟ್ಟಿಲಿನ ತುಂಬ ನುಣ್ಣನೆಯ ಬಿಳಿ ಪುಡಿ.

"ಸುಣ್ಣಕಲ್ಲು," ಅಂದರು ತಾತ. "ಈ ಕಣಿವೆ ಗುಡ್ಡಗಳೆಲ್ಲ ಅದೇ. ಆ ಗೋಡೆ ಮೇಲೆ ಕೈ ಆಡಿಸಿ ನೋಡಿ."

ಬೆರಳಿಗೆ ಗೀರುಗೀರಾಗಿ ಏನೋ ತಾಗಿತು. ಕಲ್ಲಾಗಿಹೋದ ಚಿಪ್ಪು.

"ಒಂದು ಕಾಲಕ್ಕೆ ಇಲ್ಲೆಲ್ಲ ಕಡಲಿತ್ತಂತೆ. ಬಳ್ಳಿ ಬೇರು ಆ ಚಿಪ್ಪಿನ ಸಂದಿಗೇ ಇಳಿಯೋದು. ಚಿಗುರೊಡೆಯೋ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟಿಬಿಡುತ್ತೆ, ಸಾಲಿಗೊಂದು ಬೆಂಕಿ ಇಟ್ಟು ಕಾಯಬೇಕು. ಬಿಸಿಲು ಸಾಲದು. ಅದಕ್ಕೇ ಹಣ್ಣಿಗೆ ಹುಳಿ ಜಾಸ್ತಿ. ಇರೋ ಸಕ್ಕರೆಯೆಲ್ಲ ಪೀಪಾಯಿಯಲ್ಲಿ ಹುದುಗಿ ಮುಗಿದುಹೋಗುತ್ತೆ. ಕೊನೆಗೆ ಉಳಿಯೋದು ನಿಂಬೆ ಸಿಪ್ಪೆ, ಹಸಿ ಸೇಬು, ಒದ್ದೆ ಕಲ್ಲು. ಒಣ ವೈನು ಅನ್ನೋದು ಇದಕ್ಕೆ."

"ಒದ್ದೆಯಾಗೇ ಇದೆಯಲ್ಲ ತಾತ," ಅಂದ ಮೀಸೆ.

ತಾತ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಇನ್ಸ್‌ಪೆಕ್ಟರಮ್ಮ ಫೋನಿನಲ್ಲಿದ್ದ ಚಿತ್ರ ತೋರಿಸಿದಳು. ಯಜಮಾನರ ಗ್ಲಾಸು, ತಳದಲ್ಲಿ ಎರಡು ಹನಿ, ಮೂರು ಹರಳು.

ಮುದುಕರ ಮುಖದಲ್ಲಿ ಏನೋ ಹಾದುಹೋಯಿತು.

"ಹೇಳಿ," ಅಂದಳು.

"ಇವು ಪೀಪಾಯಿ ಹರಳು. ಚಳಿಗೆ ಹುಳಿ ಹೆಪ್ಪಾಗಿ ಹೀಗೆ ಕಲ್ಲಾಗುತ್ತೆ. ಬಾಟಲಿಗೆ ಬರಲ್ಲ, ಸೋಸಿರ್ತೀವಿ. ನಿನ್ನೆ ಊಟದ ಕೊನೆಗೆ ಅಂತ ಪೀಪಾಯಿಯಿಂದ ಒಂದು ಹೂಜಿ ತುಂಬಿ ಕೊಟ್ಟಿದ್ದೆ. ಇದು ಅದರದ್ದೇ."

"ಆದ್ರೆ ಹೂಜಿಯಿಂದ ಯಾರಿಗೂ ಬಡಿಸಿಯೇ ಇರಲಿಲ್ಲ. ಅಷ್ಟರಲ್ಲಿ ಯಜಮಾನರು ಬಿದ್ರು."

"ಬಡಿಸಿಲ್ಲಮ್ಮ. ತೊಳೆದಿದ್ದಾರೆ."

"ಏನು?"

ತಾತ ಎದ್ದರು. ಗೂಟದಲ್ಲಿ ನೇತಾಡುತ್ತಿದ್ದ ಗ್ಲಾಸು ತೆಗೆದು, ಹತ್ತಿರದ ಪೀಪಾಯಿಯ ನಲ್ಲಿ ತಿರುಗಿಸಿ ಎರಡು ಬೆರಳಿನಷ್ಟು ವೈನು ಹಿಡಿದರು. ಗ್ಲಾಸನ್ನು ಓರೆ ಮಾಡಿ, ಮಣಿಕಟ್ಟಿನಲ್ಲೇ ಒಂದು ಸುತ್ತು ತಿರುಗಿಸಿ, ಒಳಗೋಡೆಯೆಲ್ಲ ನೆನೆದ ಮೇಲೆ ವೈನನ್ನು ಚಕ್ಕನೆ ನೆಲಕ್ಕೆ ಚೆಲ್ಲಿದರು. ಎಲ್ಲ ಮುಗಿಯಲು ಮೂರು ಕ್ಷಣ ಹಿಡಿಯಲಿಲ್ಲ.

"ಮಾಳಿಗೆಯವರು ಗ್ಲಾಸು ನೀರಲ್ಲಿ ತೊಳೆಯಲ್ಲ. ನೀರಿನ ವಾಸನೆ ಉಳಿಯುತ್ತೆ. ವೈನು ಕುಡಿಯೋ ಗ್ಲಾಸಿಗೆ ವೈನೇ ಸ್ನಾನ. ಕೈಗೆ ರೂಢಿ ಆಗಿಬಿಟ್ಟಿದ್ರೆ ಬೇಡ ಅಂದ್ರೂ ಬಿಡಲ್ಲ."

ಇನ್ಸ್‌ಪೆಕ್ಟರಮ್ಮ ಆ ಒದ್ದೆ ನೆಲವನ್ನೇ ನೋಡಿದಳು. ಗ್ಲಾಸು ತೊಳೆದದ್ದು ಅಡುಗೆಮನೆಯ ಕೈಯಲ್ಲ! ಗಾಬರಿಯಲ್ಲಿ ವಿಷ ತೊಳೆಯಲು ಹೊರಟವರು, ಪಕ್ಕದಲ್ಲೇ ನಲ್ಲಿಯಿದ್ದರೂ ಹೂಜಿಗೆ ಕೈ ಹಾಕಿದ್ದಾರೆ. ಅದು ಮಾಳಿಗೆಯ ಕೈ.

ಅವಳು ಕೀಲಿಗೊಂಚಲನ್ನೇ ನೋಡುತ್ತ ಒಂದು ಹೆಜ್ಜೆ ಹತ್ತಿರ ಬಂದಳು.

"ಆ ಕೈ ಎಷ್ಟು ಜನಕ್ಕಿದೆ ತಾತ ಈ ಮನೆಯಲ್ಲಿ?"

"ಎರಡು. ಯಜಮಾನರದ್ದು, ನನ್ನದು."

"ಯಜಮಾನರು ತಮ್ಮ ಗ್ಲಾಸು ತಾವೇ ತೊಳೆದು ಆಸ್ಪತ್ರೆಗೆ ಹೋಗ್ಲಿಲ್ಲ."

"ಇಲ್ಲ."

"ಆ ಕೀಲಿ ನಿನ್ನೆ ನಿಮ್ಮ ಸೊಂಟದಿಂದ ಇಳಿಯೋದಿತ್ತು."

"ಇಳಿಯೋದಿತ್ತು." ಮುದುಕರ ದನಿ ಗಡಸಾಯಿತು. "ನಾನು ವಿಷ ಹಾಕೋನಾಗಿದ್ರೆ ಗ್ಲಾಸಿನ ಗುಟ್ಟು ನಿಮಗೆ ಯಾಕಮ್ಮ ಬಿಡಿಸಿ ಹೇಳ್ಲಿ? ಬಾಯಿ ಮುಚ್ಕೊಂಡಿದ್ರೆ ನಿಮ್ಮ ಅಕ್ಕ ಜೈಲಿಗೆ ಹೋಗ್ತಿದ್ರು, ನಾನು ಪೀಪಾಯಿ ಮೇಲೆ ಕಾಲು ಹಾಕಿ ಕೂತಿರ್ತಿದ್ದೆ."

ಅದೂ ನಿಜವೇ. ಅವಳು ಬಿಡಲಿಲ್ಲ. "ಬಿದ್ದಾಗ ಎಲ್ಲಿದ್ರಿ?"

"ಇಲ್ಲೇ. ಗಲಾಟೆ ಕೇಳಿ ಮೇಲೆ ಹತ್ತೋಷ್ಟರಲ್ಲಿ ಕಾರು ಹೊರಟಿತ್ತು. ಅಂಗಳದಲ್ಲಿ ವ್ಯಾಪಾರಿಗಳೆಲ್ಲ ನಿಂತಿದ್ರು. ನನ್ನನ್ನ ಅವರು ನೋಡಿದ್ದಾರೆ, ಕೇಳಿ."

"ಹಾಗಾದ್ರೆ ಮೂರನೇ ಕೈ ಒಂದು ಇರಬೇಕು."

ತಾತ ಪೀಪಾಯಿಯ ಹಲಗೆ ಸವರಿದರು. ಕಣ್ಣು ತುಂಬಿಬಂದದ್ದನ್ನು ಅವರು ಮರೆಮಾಡಲಿಲ್ಲ.

"ಎರಡು ವರ್ಷದಿಂದ ಯಜಮಾನರು ದಿನಾ ಸಂಜೆ ನಾಲ್ಕಕ್ಕೆ ನನ್ನನ್ನ ತೋಟಕ್ಕೆ ಕಳಿಸ್ತಿದ್ರು. ಬಳ್ಳಿ ನೋಡಿ ಬಾ ಅಂತ. ಬಳ್ಳಿ ಎಲ್ಲಿಗೆ ಓಡಿಹೋಗುತ್ತೆ? ಐದಕ್ಕೆ ಬಂದು ನೋಡಿದ್ರೆ ಗೂಟದಲ್ಲಿ ಎರಡು ಗ್ಲಾಸು ಒದ್ದೆ ಇರ್ತಿತ್ತು. ಯಾರಿಗೋ ಕಲಿಸ್ತಿದ್ರು. ಯಾರಿಗೆ ಅಂತ ಕೇಳೋಕೆ ನನಗೆ ಬಾಯಿ ಬರ್ಲಿಲ್ಲಮ್ಮ. ನಲವತ್ತು ವರ್ಷ ದುಡಿದೋನು ಬಾಗಿಲ ಸಂದಿಯಲ್ಲಿ ಇಣುಕಲಾ?"

"ಅಳಿಯನಿಗಾ?"

"ಆ ಅತ್ತರಿನ ಮನುಷ್ಯ ಇಳಿದಿದ್ರೆ ಒಂದು ವಾರ ಮಾಳಿಗೆ ನಾರ್ತಿತ್ತು."

*

ಅಂಗಳಕ್ಕೆ ಬಂದವಳೇ ಸಾಹೇಬರಿಗೆ ಫೋನು ಮಾಡಿದಳು. ಎರಡೂಕಾಲು. ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿದಳು. ತಾತನನ್ನು ಅಂಗಳದಲ್ಲಿ ನೋಡಿದ್ದನ್ನು ವ್ಯಾಪಾರಿಗಳು ಮೊದಲೇ ಹೇಳಿಕೆ ಕೊಟ್ಟಿದ್ದರು, ಅದನ್ನೂ ಸೇರಿಸಿದಳು.

ಸಾಹೇಬರು ಅದನ್ನೇ ತಿರುಗಿಸಿ ಕೇಳಿದರು.

"ಅಂದ್ರೆ ನಿಮ್ಮ ಪ್ರಕಾರ, ವೈನಲ್ಲಿ ಗ್ಲಾಸು ತೊಳೆದ ಕೈಯೇ ವಿಷ ಹಾಕಿದ ಕೈ."

"ಹೌದು ಸರ್. ಯಜಮಾನರು ಗುಟ್ಟಾಗಿ ಕಲಿಸಿದ ಕೈ. ನಾಲಿಗೆ ಕೆಡಿಸೋ ತರಕಾರಿ ಯಾವುದು ಅಂತಲೂ ಆ ಪಾಠದಲ್ಲೇ ಕಲಿತಿರಬೇಕು. ಅಡುಗೆಯವರು ಬಿಸಿನೀರಲ್ಲಿ ತೊಳೀತಾರೆ. ನಮ್ಮಕ್ಕ ಮಾಳಿಗೆಗೆ ಕಾಲೇ ಇಟ್ಟಿಲ್ಲ."

"ಬರಹದಲ್ಲಿ ಕೊಡ್ತೀರಾ?"

"ಕೊಡ್ತೀನಿ ಸರ್. ಸಹಿ ಹಾಕಿ ಕೊಡ್ತೀನಿ."

"ಒಪ್ಪಿದೆ. ಜೀಪು ಹತ್ತಿದ್ದಾಗಿದೆ, ಬರ್ತಾ ಇದ್ದೀನಿ. ನಿಮ್ಮ ಅಕ್ಕನ್ನ ಮುಟ್ಟಲ್ಲ. ಆ ಕೈ ಹುಡುಕಿ."

ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಅಂಗಳದಲ್ಲೇ ನಿಂತು, ಹಾಳೆ ಹರಡಿ, ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕಿ ಮೀಸೆಯ ಕೈಗೆ ಕೊಟ್ಟಳು. "ಸಾಹೇಬರು ಇಳಿದ ತಕ್ಷಣ ಕೊಡು."

ಪ್ರಯೋಗಾಲಯಕ್ಕೆ ಕಳಿಸಲೆಂದು ತಾತ ಅದೇ ಪೀಪಾಯಿಯಿಂದ ಒಂದು ಹೂಜಿ ತುಂಬಿಕೊಂಡು ಮೇಲೆ ಬಂದಿದ್ದರು. ಇಬ್ಬರೂ ಅಡುಗೆಮನೆಗೆ ನಡೆದರು.

ಅಕ್ಕ ಚೀಲ ತುಂಬಿಸಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಎರಡು ಸೀರೆ, ಒಂದು ಬಾಚಣಿಗೆ, ಕನ್ನಡಕದ ಡಬ್ಬಿ. ಜೈಲಿಗೆ ಏನು ಒಯ್ಯಬೇಕೆಂದು ಪಾಪ ಅವಳಿಗೆ ಯಾರು ಹೇಳಿಕೊಟ್ಟಿದ್ದರು!

"ಚೀಲ ಬಿಚ್ಚು ಮಾರಾಯ್ತಿ," ಅಂದಳು ತಂಗಿ. "ನಿನ್ನನ್ನ ಯಾರೂ ಕರ್ಕೊಂಡು ಹೋಗಲ್ಲ. ಗ್ಲಾಸು ತೊಳೆದೋಳು ನೀನಲ್ಲ ಅಂತ ಸಾಹೇಬರೇ ಒಪ್ಪಿದ್ರು."

"ನಿಜವಾ?"

"ನಿನ್ನಾಣೆ."

ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅತ್ತಳು. ಅಳುತ್ತಲೇ ನಕ್ಕಳು. ನಿನ್ನೆಯಿಂದ ಒಂದು ತುತ್ತು ಮುಟ್ಟದವಳು, "ಏನಾದ್ರೂ ತಿಂದ್ಯೇನೇ ನೀನು?" ಎಂದು ತಂಗಿಯನ್ನೇ ಕೇಳಿದಳು.

ಇನ್ಸ್‌ಪೆಕ್ಟರಮ್ಮನಿಗೆ ಯಾವ ಧೈರ್ಯ ಬಂತೋ. ಹುಟ್ಟಿದಾಗಿನಿಂದ ವೈನು ಮುಟ್ಟದವಳು, "ಇವತ್ತು ರಜೆಯಲ್ಲಿದ್ದೀನಿ. ಇಷ್ಟೆಲ್ಲ ರಾಮಾಯಣ ಮಾಡಿಸಿದ ಆ ವೈನು ಹೇಗಿರುತ್ತೆ ನೋಡೇ ಬಿಡೋಣ. ತಾತ, ಒಂದು ತೊಟ್ಟು ಕೊಟ್ರೆ ಪ್ರಯೋಗಾಲಯಕ್ಕೇನು ಕಮ್ಮಿ ಆಗಲ್ಲ ಅಲ್ವಾ? ಅಕ್ಕಾ, ಒಂದು ಗ್ಲಾಸು ಕೊಡು," ಅಂದಳು.

"ಅಯ್ಯೋ, ನೀನಾ? ಬರೀ ಹೊಟ್ಟೆಗೆ ಬೇಡ, ಚೀಸ್ ಕೊಡ್ತೀನಿ ಇರು. ಮೊದಲು ಬರೀ ಮೂಗಿಗೆ ಹಿಡಿ, ಗಟಗಟ ಕುಡೀಬೇಡ ಮತ್ತೆ."

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕಪಾಟಿನಿಂದ ಗ್ಲಾಸೊಂದನ್ನು ತೆಗೆದಳು. ಬೆಳಕಿಗೆ ಹಿಡಿದಳು. ಮೂಗಿನ ಹತ್ತಿರ ತಂದು, ಕಪಾಟಿನ ವಾಸನೆಗೋ ಏನೋ, ತುಟಿ ಓರೆ ಮಾಡಿದಳು. ತಾತನ ಕೈಯಿಂದ ಹೂಜಿ ತೆಗೆದುಕೊಂಡು ಎರಡು ಬೆರಳಿನಷ್ಟು ಸುರಿದಳು. ಬಾಯಿ ಚೀಸ್ ಎಲ್ಲಿಟ್ಟೆ ಎಂದು ಮಾತಾಡುತ್ತಲೇ ಇತ್ತು.

ಕೈ ಗ್ಲಾಸನ್ನು ಓರೆ ಮಾಡಿತು. ಮಣಿಕಟ್ಟಿನಲ್ಲೇ ಒಂದು ಸುತ್ತು ತಿರುಗಿಸಿತು. ಒಳಗೋಡೆಯೆಲ್ಲ ನೆನೆದ ಮೇಲೆ, ವೈನನ್ನು ಚಕ್ಕನೆ ತೊಟ್ಟಿಗೆ ಚೆಲ್ಲಿತು.

ತಾತನ ಬಾಯಿಂದ ಒಂದು ಸಣ್ಣ ಸದ್ದು ಹೊರಟಿತು.

ಅಕ್ಕನ ಮಾತು ನಿಂತಿತು. ಖಾಲಿ ಗ್ಲಾಸನ್ನು ನೋಡಿದಳು, ತಾತನನ್ನು ನೋಡಿದಳು, ತಂಗಿಯನ್ನು ನೋಡಲಿಲ್ಲ.

"ಸಂಜೆ ನಾಲ್ಕು ಗಂಟೆಗೆ," ಅಂದರು ತಾತ ಮೆಲ್ಲಗೆ. "ನೀನಾ ತಾಯಿ?"

ಇನ್ಸ್‌ಪೆಕ್ಟರಮ್ಮನ ಕಣ್ಣು ತಾನಾಗಿ ಕೆಳಗಿಳಿಯಿತು. ಅಕ್ಕನ ಚಪ್ಪಲಿಯ ಅಂಚಿನಲ್ಲಿ ಬಿಳಿ ಪುಡಿ. ತನ್ನ ಬೂಟಿನ ಮೇಲೂ ಅದೇ ಪುಡಿ, ಅದೇ ಬಣ್ಣ. ಆಗಲೇ ಕಂಡಿತ್ತು. ಕಂಡೂ ಹಿಟ್ಟು ಎಂದುಕೊಂಡಿದ್ದಳು.

ಮುನ್ನುಗ್ಗಿ ಅಕ್ಕನ ಮಣಿಕಟ್ಟು ಹಿಡಿದಳು. ಅದು ವೈನಿನಿಂದ ಒದ್ದೆಯಾಗಿ ತಣ್ಣಗಿತ್ತು.

"ಕಾಲಿಟ್ಟೇ ಇಲ್ಲ ಅಂದೆ. ನನ್ನ ಹತ್ರ ಯಾಕಕ್ಕ ಸುಳ್ಳು ಹೇಳಿದೆ? ಹೇಳೇ!"

"ಕಲಿತದ್ದು ನಿಜ ಪುಟ್ಟಿ." ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. "ಗ್ಲಾಸು ತೊಳೆದದ್ದೂ ನಾನೇ. ಆದ್ರೆ ವಿಷ ನಾನು ಹಾಕಿಲ್ಲ. ಹಾಕಿದೋರನ್ನ ನೋಡಿದೆ. ಅದಕ್ಕೇ ತೊಳೆದೆ."

"ಯಾರನ್ನ? ಯಾರಿಗೋಸ್ಕರ ತೊಳೆದೆ?"

ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತ ಸದ್ದು. ಬೂಟುಗಳು ಜಗಲಿ ಹತ್ತಿದವು. ಅಕ್ಕ ಬಾಯಿ ಮುಚ್ಚಿಕೊಂಡಳು, ಇನ್ನು ಪ್ರಾಣ ಹೋದರೂ ತೆರೆಯುವುದಿಲ್ಲ ಎಂಬಂತೆ.

ಬಾಗಿಲಲ್ಲಿ ಸಾಹೇಬರು. ಅವರ ಕೈಯಲ್ಲಿ ತಂಗಿಯೇ ಬರೆದು ಸಹಿ ಹಾಕಿದ ಹಾಳೆ.

"ಚೆನ್ನಾಗಿ ಬರೆದಿದ್ದೀರಿ," ಅಂದರು ಅವರು, ಕನ್ನಡಕ ತೆಗೆಯುತ್ತ. "ಏನು, ಆ ಕೈ ಸಿಕ್ತಾ?"

ಇನ್ಸ್‌ಪೆಕ್ಟರಮ್ಮ ಅಕ್ಕನ ಒದ್ದೆ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ.